ಅಕ್ಷರ ಕಾಣಬೇಕು

ನನ್ನ ಗಾಡಿಯಲ್ಲಿ ಬರೋದು ನೀರು, ಸಕ್ಕರೆ, ಉಪ್ಪು.
ಎರಡೆರಡು ಲೀಟರಿನ ಚೀಲ, ಪೆಟ್ಟಿಗೆಗೆ ಆರು,
ಒಬ್ಬರಿಗೆ ತಿಂಗಳಿಗೆ ಇಪ್ಪತ್ತು ಪೆಟ್ಟಿಗೆ.
ಗೋಪಾಳದ ಶೆಣೈಯವರಿಗೂ ಅಷ್ಟೇ,
ಹಸಿರುಮಕ್ಕಿ ಆಚೆಯ ಗುತ್ಯಮ್ಮನಿಗೂ ಅಷ್ಟೇ.
ಬ್ಯಾಚ್ ನಂಬರು ಕೂಡ ಒಂದೇ.

ಶೆಣೈಯವರ ಮನೇಲಿ ಅದಕ್ಕೇ ಅಂತ ಒಂದು ಕೋಣೆ.
ಫ್ಯಾನು ಆರಿಸುತ್ತಾರೆ, ಬಾಗಿಲು ಹಾಕುತ್ತಾರೆ,
ನಲ್ಲಿ ತಿರುಗಿಸಿದರೆ ತುಂಗೆ.
ಚೀಲ ಬೆಚ್ಚಗಾಗಲು ಮಿಷನ್ನು.

ಗುತ್ಯಮ್ಮ ಕೊಟ್ಟಿಗೆ ಕಡೆಯ ಬಾಗಿಲಿಗೆ ಗೋಣಿ ಕಟ್ಟಿದ್ದಾಳೆ.
ಮೊಣಕೈತನಕ ಸೋಪು ತಿಕ್ಕುತ್ತಾಳೆ, ಎಣಿಸುತ್ತಾ,
ಅರವತ್ತರ ಬದಲು ನೂರು.
ಕರೆಂಟಿಲ್ಲದ ದಿನ
ಚೀಲ ಮಡಿಲಲ್ಲಿಟ್ಟು ಕಂಬಳಿ ಹೊದ್ದು
ಕಾವಿಗೆ ಕೂತ ಹೇಂಟೆಯ ಹಾಗೆ ಅಲ್ಲಾಡದೆ ಕೂರುತ್ತಾಳೆ.
"ಮರಿ ಯಾವಾಗ?" ಅಂದೆ ಒಂದು ಸಲ.
ನಕ್ಕಳು. ನಗಿಸಬಾರದಿತ್ತು, ಹೊಟ್ಟೆ ತುಂಬಿತ್ತು.

ಹೊರಗೆ ಬಂದ ನೀರು ತಿಳಿಯಾಗಿರಬೇಕು,
ಚೀಲದಡಿ ಪೇಪರಿಟ್ಟರೆ ಅಕ್ಷರ ಕಾಣಬೇಕು.
ಸಿಸ್ಟರ್ ಫಿಲೋಮಿನಾ ಹೇಳಿಕೊಟ್ಟದ್ದು.
ಆ ಕಡೆ ಪೇಪರು ಬರೋದಿಲ್ಲ,
ಗುತ್ಯಮ್ಮನಿಗೆ ಓದೂ ಬರೋದಿಲ್ಲ.
ನನ್ನ ಡೆಲಿವರಿ ಚೀಟಿಯನ್ನೇ ಇಡುತ್ತಾಳೆ.
"ಇಮ್ತಿಯಾಜಣ್ಣ, ನಿನ್ನ ರುಜು ಕಾಣ್ತದೆ,
ಇವತ್ತಿಗೆ ಅಡ್ಡಿಲ್ಲ."

ಕಾಣದ ದಿನವೂ ಬರುತ್ತದೆ. ಇಬ್ಬರಿಗೂ ಬಂತು.
ಶೆಣೈಯವರಿಗೆ ಕಾರ್ತೀಕದಲ್ಲಿ, ಅಕ್ಕಚ್ಚಿನಂಥ ನೀರು.
ಆಟೋ ಹತ್ತಿದರು, ಒಂದು ಸಿಗ್ನಲ್ಲು ಕೆಂಪಿತ್ತು,
ಇಂಜೆಕ್ಷನ್ನು, ನಾಲ್ಕನೇ ದಿನ ಮನೆಗೆ.
ಗುತ್ಯಮ್ಮನಿಗೆ ಮಾಘದ ಒಂದು ಸಂಜೆ.
ಕೊನೇ ಲಾಂಚು ಆಚೆ ದಡ ಮುಟ್ಟಿಯಾಗಿತ್ತು.
ಸೇತುವೆಗೆ ಕಂಬಗಳಿದ್ದವು, ಮೇಲೆ ಹಾಸಿರಲಿಲ್ಲ.
ಬೆಳಗಿನ ತನಕ ಕೂತಳಂತೆ ನನ್ನ ಚೀಟಿ ಹಿಡಿದು,
ಒಂದು ಗೆರೆಯಾದರೂ ಕಂಡೀತಾ ಅಂತ.

ಆಸ್ಪತ್ರೆ ಗೋಡೆಗೆ ಜಿಲ್ಲೆಯ ನಕಾಶೆ.
ಹೊಸ ಡಾಕ್ಟರು ಗುಂಡುಪಿನ್ನು ಚುಚ್ಚುತ್ತಾರೆ,
ಪಶ್ಚಿಮಕ್ಕೆ ಹೋದಂತೆ ಕೆಂಪು ಜಾಸ್ತಿ.
"ಅಲ್ಲಿಯವರಿಗೆ ಶುಚಿ ಕಡಿಮೆಯೇನು?"
ಪೆಟ್ಟಿಗೆ ಇಳಿಸುತ್ತಿದ್ದ ನನ್ನನ್ನೇ ಕೇಳಿದರು.
ನಾನು ಒಂದರಿಂದ ನೂರರತನಕ ಎಣಿಸಿದೆ, ಜೋರಾಗಿ.
ಅವರಿಗೆ ಅರ್ಥವಾಗಲಿಲ್ಲ. ಸಿಸ್ಟರಿಗೆ ಆಯಿತು.

ಗುತ್ಯಮ್ಮನ ನಳಿಕೆ ತೆಗೆದರು.
ಈಗ ಸಾಗರದಲ್ಲಿ, ತಂಗಿಯ ಮನೆ,
ವಾರಕ್ಕೆ ಮೂರು ದಿನ ರಕ್ತದ ಮಿಷನ್ನು.
ನನ್ನ ಪಟ್ಟಿಯಲ್ಲಿ ಆ ಕಡೆ ಇನ್ನೂ ಐದು ಮನೆ.

ಆ ಐದರ ಚೀಟಿಗೆ ಮಾತ್ರ
ರುಜು ಸಣ್ಣಗೆ, ಪೆನ್ಸಿಲಿನಲ್ಲಿ ಹಾಕುತ್ತೇನೆ.
ದಪ್ಪ ಅಕ್ಷರ ಮಬ್ಬಿನಲ್ಲೂ ಕಂಡುಬಿಡುತ್ತದೆ,
ಒಂದು ಲಾಂಚು ತಪ್ಪಿಹೋಗುತ್ತದೆ.