ಎಮ್ಮೆಯ ಲೆಕ್ಕ

ಸಂಘದ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ
ಸಾಲದ ಉದ್ದೇಶ: ಎಮ್ಮೆ, ಒಂದು, ಅಂತ ಐತೆ.
ನಾನು ಹೇಳಿದ್ದು ಹಡಗು.
ಮಾರಕ್ಕ ಪೆನ್ನು ಕಚ್ಚಿಕೊಂಡು ಕೂತಳು,
ಹೊಲಿಗೆ ಮಿಷನ್ನಿಗೆ ಕಾಲಂ ಐತೆ, ಮದುವೆಗೈತೆ, ಕಕ್ಕಸಿಗೂ ಐತೆ,
ಸಮುದ್ರಕ್ಕೆ ಎಲ್ಲೈತೆ ಕಣವ್ವ, ಅಂದು
ತಾನೇ ಬರೆದಳು: ಎಮ್ಮೆ.

ಇವತ್ತು ಕಡೆಯ ಕಂತು. ಅದಕ್ಕೇ ಹೇಳ್ತೀನಿ ಕೇಳ್ರಿ.
ಮಾರಕ್ಕ, ನೀನೂ ಪುಸ್ತಕ ಮುಚ್ಚು.

ಗಂಡನ ಹೆಸರು ಹೇಳಬಾರದಂತೀರಿ, ಪುಸ್ತಕದಲ್ಲೇ ಐತಲ್ಲ, ಪಾಲಯ್ಯ.
ಬಾವಿಗಿಳಿಯೋನು.
ದುರ್ಗದ ಯಾವ ಕೇರಿಯ ಕೊಡ ಬಿದ್ದರೂ
ಮೊದಲು ಕೂಗುತ್ತಿದ್ದುದು ಅವನನ್ನೇ.
ಕೊಡಕ್ಕೆ ಎರಡು ರೂಪಾಯಿ, ಪಂಪಿಗೆ ಐವತ್ತು,
ಮೂಗುಬೊಟ್ಟಿಗೆ ಹೋಳಿಗೆ ಊಟ,
ಹೆಣಕ್ಕೆ ಏನೂ ಇಸ್ಕೊಳ್ತಿರಲಿಲ್ಲ.
ಹಗ್ಗ ಹಿಡಿದು ಕಟ್ಟೆ ಮೇಲೆ ನಾನು ಎಣಿಸೋಳು.
ಒಂದು, ಎರಡು, ಮೂರು.
ತೊಂಬತ್ತಕ್ಕೆ ಬಂದುಬಿಡೋನು.
ಒಂದೇ ಸಲ ನೂರಾಹದಿನೇಳು ಆಗಿತ್ತು,
ಆವತ್ತಿಂದ ಕೈ ಸ್ವಲ್ಪ ನಡುಗುತ್ತೆ,
ನನ್ನ ಸಹಿ ನೋಡಿದರೆ ಗೊತ್ತಾಗುತ್ತೆ.

ಬೋರ್‌ವೆಲ್ ಬಂತು. ಅದರೊಳಗೆ ಮನುಷ್ಯ ಹಿಡಿಸಲ್ಲ.
ನಮ್ಮ ಬಡಾವಣೆಯ ಹೆಸರಿನ ಕೊನೆಗೊಂದು ಬಾವಿ ಐತೆ,
ನೆಲದ ಮೇಲೆ ಇಲ್ಲ.
ಅವನು ಪೆಟ್ರೋಲ್ ಬಂಕಿಗೆ ವಾಚ್‌ಮನ್ ಆದ.
ಜೋಗಿಮಟ್ಟಿ ಕಡೆಯಿಂದ ಗಾಳಿ ಹೊಡೆಯೋ ರಾತ್ರಿ
ಉಸಿರು ಕಟ್ಟಿ ಕೂರೋನು ಸುಮ್ಮನೆ,
ಅಭ್ಯಾಸ ತಪ್ಪಬಾರದಂತ.

ಅಕ್ಕನ ಮಗ ಕಾಟಲಿಂಗ ಕಡಲ ಮೇಲೆ ಅಡುಗೆಯವ,
ಮುಳುಗೋರ ದೋಣಿಯಲ್ಲಿ. ಫೋನು ಮಾಡಿದ:
ಚಿಗವ್ವ, ಕೋಟಿಗಟ್ಟಲೆ ಇರೋರ ಹಡಗು ನಮ್ಮ ಪಕ್ಕದಲ್ಲೇ ನಿಲ್ಲುತ್ತೆ,
ಅವರ ಒಂದು ರಾತ್ರಿಯ ದುಡ್ಡಿಗೆ
ನಮ್ಮಲ್ಲಿ ನಿಮ್ಮ ಓಣಿಯೆಲ್ಲ ವಾರ ಇರಬಹುದು.
ಅದೇ ನೀರು, ಅದೇ ಚಂದ್ರ, ಮೀನೂ ಅದೇ.
ಮಳೆಗಾಲದ ಹಿಂದಿನ ವಾರ ಅರ್ಧ ರೇಟು,
ಇಂಜಿನ್ ಪಕ್ಕದ ರೂಮಾದರೆ ಇನ್ನೂ ಇಳಿಸ್ತಾರೆ.
ನಾನು ಕೊಡದ ಲೆಕ್ಕದಲ್ಲಿ ಹಾಕಿ ನೋಡಿದೆ:
ಹದಿನಾಲ್ಕು ಸಾವಿರ ಕೊಡ.
ಅಷ್ಟು ಕೊಡ ದುರ್ಗದಲ್ಲಿ ಬಿದ್ದೇ ಇಲ್ಲ.

ಟವೆಲ್ಲನ್ನು ಹಂಸದ ಹಾಗೆ ಮಡಚಿ ಮಂಚದ ಮೇಲೆ ಕೂರಿಸಿದ್ದರು.
ಬಿಚ್ಚೋಕೆ ಮನಸ್ಸಾಗದೆ
ಮೂರು ದಿನ ಸೆರಗಲ್ಲೇ ಮೈ ಒರೆಸಿಕೊಂಡೆ.
ಮಹಡಿ ಮೇಲೆ ಒರಗು ಕುರ್ಚಿ, ಕೂತಲ್ಲಿಗೇ ಎಳನೀರು,
ಲೋಟ ತೊಳೆಯೋಕೆ ಹೋದರೆ ಬೈದು ಕಳಿಸಿದರು.

ಅವನ ಬೆನ್ನಿಗೆ ಸಿಲಿಂಡರು ಕಟ್ಟಿದರು.
ಕಲಿಸೋ ಹುಡುಗಿ ಹೇಳಿದಳು: ಉಸಿರು ಕಟ್ಟಬೇಡಿ, ಅದೊಂದೇ ನಿಯಮ.
ಆಮೇಲೆ ನೆನಪಾಗಿ,
ಕೆಳಗೆ ಏನನ್ನೂ ಮುಟ್ಟಬೇಡಿ, ಏನನ್ನೂ ತರಬೇಡಿ.
ನಲವತ್ತು ವರ್ಷ ಕಲಿತಿದ್ದನ್ನು ಮರೆಯೋಕೆ
ಅವನಿಗೆ ಒಂದಿಡೀ ದಿನ ಹಿಡೀತು.

ಇಳಿದ. ನನ್ನ ಕೈಯಲ್ಲಿ ಹಗ್ಗ ಇಲ್ಲ.
ಒಂದು, ಎರಡು, ಮೂರು.
ತೊಂಬತ್ತು.
ನೂರಾಹದಿನೇಳು.
ಗುಳ್ಳೆ ಬರ್ತಾನೇ ಇತ್ತು, ಅನ್ನ ಕುದಿಯೋ ಥರ.
ಐನೂರಕ್ಕೆ ಕುರ್ಚಿ ಬಿಟ್ಟೆದ್ದೆ.
ಸಾವಿರಕ್ಕೆ ಕಾಟಲಿಂಗ ಬಂದು ಭಜಿ ಕೊಟ್ಟ.
ಎಣಿಕೆ ಬಿಟ್ಟುಹೋಗಿದ್ದು ಎಲ್ಲೋ ಸಾವಿರದಿನ್ನೂರರ ಹತ್ತಿರ,
ನನಗೇ ಗೊತ್ತಾಗದ ಹಾಗೆ.
ಭಜಿ ತಿಂದೆ. ಚೆನ್ನಾಗಿತ್ತು.

ಮೇಲೆ ಬಂದಾಗ ಬಾಯಿತಪ್ಪಿ ಕೇಳಿದೆ: ಏನು ಸಿಕ್ತು?
ಎರಡೂ ಅಂಗೈ ಬಿಚ್ಚಿ ತೋರಿಸಿದ,
ಖಾಲಿ, ನೆನೆದ ಮಂಡಕ್ಕಿ ಥರ ಸುಕ್ಕಾಗಿ.
ಅಲ್ಲಿ ಯಾರದೂ ಏನೂ ಕಳೆದಿಲ್ಲ ಕಣೇ, ಅಂದ.
ಎಷ್ಟೋ ಹೊತ್ತು ಅಳು ಥರ ನಗುತ್ತಿದ್ದ.

ಇಷ್ಟೇ. ತಗೋ ಮಾರಕ್ಕ, ಆರುನೂರ ಐವತ್ತು, ಎಣಿಸಿಕೋ.
ಎಮ್ಮೆ ಐತೋ ಸತ್ತಿತೋ ಅಂತ ಬ್ಯಾಂಕಿನೋರು ಕೇಳಿದರೆ
ಐತೆ ಅನ್ನು.
ನೀರಿಗೆ ಬಿದ್ದೈತೆ,
ಎಷ್ಟು ಕೂಗಿದರೂ ಎದ್ದು ಬರ್ತಾ ಇಲ್ಲ ಅನ್ನು.