ಒಂದೂವರೆ ಟನ್

ಬ್ಯಾಂಡಿಗೆ ಹೆಸರಿಟ್ಟವನು ನಾನೇ.
ಹಗಲಿಡೀ ರೂವಿಯ ತಾರಸಿಗಳ ಮೇಲೆ
ಏಸಿ ಬಿಚ್ಚುವ ಕೆಲಸ; ರಾತ್ರಿ ಬೇಸ್ ಗಿಟಾರು.
"ಒಂದೂವರೆ ಟನ್" ಅಂದೆ.
ಹಿಲಾರಿ ನಕ್ಕ: "ಇರಲಿ ಮಾರಾಯ, ತಂಪಿನ ಹೆಸರು."

ಎಂಬತ್ತೇಳರಲ್ಲಿ ನಾವು ಐದು ಜನ.
ಗುರುವಾರ ರಾತ್ರಿ ರೋಸ್, ಮದುವೆ, ಯಾರದೋ ಬೆಳ್ಳಿಹಬ್ಬ.
ಹಿಲಾರಿಯ ಟ್ರಂಪೆಟ್ ಮುಂದೆ, ನಾವು ಹಿಂದೆ.
ವಾಲ್ಟ್ಸಿನ ಒಂದು-ಎರಡು-ಮೂರಕ್ಕೆ
ಬಾಡಿಗೆ ಸೂಟುಗಳು ತಿರುಗುತ್ತಿದ್ದವು.
ಅವನಿಗೆ ಸಣ್ಣದರಲ್ಲೇ ದಮ್ಮು.
ನಾಲ್ಕನೇ ಸಾಲಿನ ಕೊನೆಗೆ ಉಸಿರು ಸಾಲುತ್ತಿರಲಿಲ್ಲ.
ಆಗ ನಾನು ತಂತಿಯ ಮೇಲೆ ಅಂಗೈ ಇಡುತ್ತಿದ್ದೆ,
ಅರ್ಧ ಚಿಟಿಕೆ ಹೊತ್ತು.
ಅವನು ಉಸಿರೆಳೆದುಕೊಂಡು ಬರುವವರೆಗೆ
ಇಡೀ ಹಾಲು ಒಂದು ಕಾಲೆತ್ತಿ ನಿಂತಿರುತ್ತಿತ್ತು.

ತೊಂಬತ್ತಮೂರರಲ್ಲಿ ನಾವು ಡಿಸ್ಕೋ ಆದೆವು.
ಕಾಲ ನೋಡಿ ಬದಲಾದರು ಅಂದರು ಜನ.
ಕಾಲ ಅಲ್ಲ, ಕ್ಯಾನ್ಸಲ್.
ಹಿಲಾರಿಯ ಅರಬಾಬ್ ಕಂಪೆನಿ ಮುಚ್ಚಿದ,
ತಿಂಗಳೊಳಗೆ ಹೊರಡು ಅಂದ.
ಸೀಬಿನಲ್ಲಿ ಟ್ರಂಪೆಟ್ಟಿನ ಪೆಟ್ಟಿಗೆಯನ್ನು ಎಕ್ಸ್-ರೇ ನುಂಗಿತು.
ಗಾಜಿನ ಆಚೆಯಿಂದ ಅವನು ಕೈ ಬೀಸಿದ್ದು
ನಮಗೋ ಪೆಟ್ಟಿಗೆಗೋ.

ಅವನ ಜಾಗಕ್ಕೆ ಕೀಬೋರ್ಡ್ ಬಂತು,
ಕೀಬೋರ್ಡಿನೊಳಗೆ ಒಬ್ಬ ಡ್ರಮ್ಮರ್ ಬಂದ:
ಊಟ ಬೇಡ, ಬತ್ತಾಕ ಬೇಡ, ಶುಕ್ರವಾರ ತಲೆನೋವಿಲ್ಲ.
ನಮ್ಮ ಗ್ರೇಶನ್ ಎರಡು ವಾರ ಆ ಗುಂಡಿಯನ್ನೇ ನೋಡಿದ,
ಆಮೇಲೆ ವಾದಿ ಕಬೀರಿನಲ್ಲಿ ಟೈಲ್ಸ್ ಅಂಗಡಿ ಸೇರಿದ.
ಈಗಲೂ ಗಿರಾಕಿಗೆ ಟೈಲ್ಸ್ ತಟ್ಟಿ ತೋರಿಸುವಾಗ
ಒಂದು ಪೆಟ್ಟು ಹೆಚ್ಚೇ ಬೀಳುತ್ತದಂತೆ.

ಮತ್ತೆ ಹಮಬ್ಬ. ದುಬೈಗೆ ಹೋದವ
ಕಾಲಲ್ಲಿ ಒತ್ತುವ ಒಂದು ಡಬ್ಬಿ ತಂದ,
ಒತ್ತಿದರೆ ಗಿಟಾರು ತಗಡು ಕೊಯ್ದ ಹಾಗೆ.
ಕಪ್ಪು ಟೀ ಶರಟು ಹಾಕಿಕೊಂಡೆವು, ನಲವತ್ತು ದಾಟಿದವರು.
ಅಜ್ಜಿಯರು ಎದ್ದು ಹೋದರು, ಹುಡುಗರು ಕುರ್ಚಿ ಹತ್ತಿದರು.
ಕೆಟ್ಟರು ಅಂತ ಅವರು, ಈಗ ಕಣ್ಣು ಬಿಟ್ಟರು ಅಂತ ಇವರು.
ಒಳಗಿನ ಮಾತು ಇಷ್ಟೇ:
ಹಾಡುವ ವಿನ್ಸಿಯ ಗಂಟಲಲ್ಲಿ ಗಂಟಾಗಿತ್ತು,
ಸ್ವರ ಒಡೆದಿತ್ತು.
ಕಿರುಚಿದರೆ ಮಾತ್ರ ಒಡಕು ಗೊತ್ತಾಗುತ್ತಿರಲಿಲ್ಲ.

ಎರಡು ಸಾವಿರದ ಏಳು, ಜೂನ್. ಗೋನು.
ಎಂದೂ ಒಣಗಿಯೇ ಇದ್ದ ವಾದಿಯಲ್ಲಿ ಕಾರುಗಳು ತೇಲಿದವು.
ನಾಲ್ಕನೇ ದಿನ ಗೋಡೌನಿನ ಶಟರ್ ಎತ್ತಿದರೆ
ಕೀಬೋರ್ಡಿನ ಬಿಳಿ ಮನೆಗಳ ಸಂದಿಯಲ್ಲಿ ಕೆಸರು,
ಆಂಪ್ಲಿಫೈಯರಿನೊಳಗೆ ಬೆರಳುದ್ದದ ಒಂದು ಮೀನು.
ಊರಿಗೇ ಕರೆಂಟಿಲ್ಲ.
ಪಿಕಪ್ಪಿನ ಖಲ್ಫಾನ್, ಇಪ್ಪತ್ತು ವರ್ಷ
ನಮ್ಮ ಸಾಮಾನು ಹೊತ್ತವ, ಒಂದು ದಿನವೂ ಬಾಯಿಬಿಡದವ,
ಸೀಟಿನ ಹಿಂದಿನಿಂದ
ಜಾಂಜಿಬಾರಿನ ಅಪ್ಪನ ಊದ್ ತೆಗೆದ.
ಅವನ ಒಂದು ಸ್ವರಕ್ಕೂ ಮತ್ತೊಂದಕ್ಕೂ ನಡುವೆ
ಒಂದು ಸುಲೈಮಾನಿ ಕುಡಿದು ಬರಬಹುದು.
ನಾನು ಬೇಸನ್ನು
ಕಳಚಿಟ್ಟ ಏಸಿಯ ಖಾಲಿ ತಗಡಿಗೆ ಒರಗಿಸಿ ಮೀಟಿದೆ;
ತಗಡು ಗುಂಯ್ ಅಂತು, ಸಾಕಾಯಿತು.

ಮೊನ್ನೆ ಒಬ್ಬ ಹುಡುಗ ಬಂದಿದ್ದ,
ಹಳೇ ಕ್ಯಾಸೆಟ್ಟುಗಳನ್ನೆಲ್ಲ ಕೇಳಿಕೊಂಡು.
"ಅಂಕಲ್, ನಾಲ್ಕು ಬ್ಯಾಂಡು ಅಂದರೂ ನಂಬಬಹುದು.
ಆದರೆ ವಾಲ್ಟ್ಸಲ್ಲಿ, ಡಿಸ್ಕೋದಲ್ಲಿ, ಆ ಕೂಗಾಟದಲ್ಲಿ, ಊದಲ್ಲಿ
ನಾಲ್ಕನೇ ಸಾಲಿಗೆ ಸ್ವಲ್ಪ ನಿಲ್ಲುತ್ತೀರಿ.
ಅದು ನಿಮ್ಮ ಶೈಲಿಯಾ?"

ನನಗೇ ಗೊತ್ತಿರಲಿಲ್ಲ.
ಅಂಗೈ ನೋಡಿಕೊಂಡೆ.
"ನಡುವೆ ಕಟ್ ಆಗದ ಕಂಪ್ರೆಸರ್ ಸುಟ್ಟುಹೋಗುತ್ತದೆ ಮಗಾ" ಅಂದೆ.
ಅವನು ಅದನ್ನೇ ಬರೆದುಕೊಂಡ.

ಶಿರ್ವದಲ್ಲಿ ಹಿಲಾರಿಯ ಮುಂದಿನ ಹಲ್ಲು ಹೋಗಿವೆ,
ಟ್ರಂಪೆಟ್ ಮುಟ್ಟುವುದಿಲ್ಲ.
ಶುಕ್ರವಾರ ಫೋನು ಮಾಡುತ್ತಾನೆ.
ಊರಿನ ಸಾವುಗಳನ್ನೆಲ್ಲ ಹೇಳುತ್ತಾ
ಮಧ್ಯೆ ನಿಲ್ಲುತ್ತಾನೆ,
ಲೈನು ಹೋಯಿತಾ ಅಂತ ನಾನು ಕೇಳುವುದಿಲ್ಲ.