ಟೊಳ್ಳಿನ ಮೇಲೆ

ಶನಿವಾರ ಹತ್ತೂವರೆಗೆ ಬೀದಿಯಲ್ಲೇ ಹರಾಜು.
ಮೂವತ್ತು ಜನ, ಎರಡು ನಾಯಿ,
ಕೊಳ್ಳಲಲ್ಲ, ಬೆಲೆ ಕೇಳಿ ಬಾಯಿ ಬಿಡಲು ಬಂದ ನೆರೆಹೊರೆ.
ಧರಣೇಂದ್ರ ನನ್ನ ಮೊಣಕೈ ಹಿಡಿದಿದ್ದಾನೆ,
ನಾನೆಲ್ಲಿ ಕೈ ಎತ್ತಿಬಿಡುವೆನೋ ಎಂದು.

ನ್ಯೂಕ್ಯಾಸಲ್ಲಿನಲ್ಲಿ ನಾವು ನೋಡಿದ ಆರನೆಯ ಮನೆ.
ಮೊದಲನೆಯದರ ಜಗಲಿಗೆ ಸಮುದ್ರ ಪೂರ್ತಿ ಕಾಣುತ್ತಿತ್ತು,
ಕಲ್ಲಿದ್ದಲಿಗೆ ಕಾದು ಸಾಲುನಿಂತ ಹಡಗುಗಳ ಸಮೇತ.
ಎರಡನೆಯದಕ್ಕೆ ಅರ್ಧ.
ಮೂರನೆಯದರಲ್ಲಿ ಬಚ್ಚಲ ತೊಟ್ಟಿಯ ಅಂಚು ಹತ್ತಿ ನಿಂತರೆ
ಬೆರಳಗಲ ನೀಲಿ. ಏಜೆಂಟ್ ಅದಕ್ಕೂ
ಸಾಗರನೋಟ ಎಂದೇ ಬರೆದಿದ್ದ.
ನಮ್ಮ ದುಡ್ಡು ಸಮುದ್ರಕ್ಕೆ ಬೆನ್ನುಹಾಕಿ ನಡೆದೂ ನಡೆದೂ
ಗುಡ್ಡ ದಾಟಿ, ರೈಲುಹಳಿ ದಾಟಿ
ಈ ತಗಡಿನ ಮಾಡಿನ ಎರಡು ಕೋಣೆಗೆ ಬಂದು ನಿಂತಿದೆ.

ಮಾರುವಾಕೆ ಬೆರಿಲ್, ಎಂಬತ್ತೊಂದು.
ಹೋದ ವಾರ ಕಿಟಕಿಕಟ್ಟೆ ಒರೆಸುತ್ತಿದ್ದಳು.
"ನಿನ್ನೆಯೂ ಒರೆಸಿದ್ದೆ" ಎಂದು ಬಟ್ಟೆ ತೋರಿಸಿದಳು:
ಕಾಡಿಗೆ ತೀಡಿಕೊಳ್ಳುವಷ್ಟು ಕಪ್ಪು.
"ವಾಯವ್ಯದ ಗಾಳಿಯಿದ್ದ ದಿನ ಬಟ್ಟೆ ಒಣಹಾಕಬೇಡ."
ಮಾರುವವರು ಇಷ್ಟು ನಿಜ ಹೇಳುವುದುಂಟೆ?

ಮಿಕ್ಕದ್ದನ್ನು ವಕೀಲರ ಕಾಗದ ಹೇಳಿತು.
ಈ ಬೀದಿಯಡಿ ಹಳೆಯ ಗಣಿ.
ತೋಡಿದವರು ತೋಡಿಕೊಂಡು ಹೋದರು; ನೆಲ
ಅವರು ಅಲ್ಲಲ್ಲಿ ಬಿಟ್ಟ ಕಲ್ಲಿದ್ದಲ ಕಂಬಗಳ ಮೇಲೆ ನಿಂತಿದೆ.
ಪಾತಾಳದ ದೊರೆಯ ಹೆಸರಿಟ್ಟುಕೊಂಡವನು
ಎರಡು ರಾತ್ರಿ ನಿದ್ದೆಗೆಟ್ಟ.

ನಾನು ಹಲ್ಲು ಮಾಡುವವಳು.
ಹಂಟರ್ ಬೀದಿಯ ಲ್ಯಾಬಿನಲ್ಲಿ ಹನ್ನೊಂದು ವರ್ಷ
ಪಿಂಗಾಣಿ ಟೊಪ್ಪಿಗೆಗಳಿಗೆ ಬಣ್ಣ ಹಚ್ಚಿದ್ದೇನೆ.
ಬೇರು ಸತ್ತು, ಒಳಗೆಲ್ಲ ಹುಳುಕಾಗಿ
ಹೊರಗೋಡೆ ಮಾತ್ರ ಉಳಿದ ದವಡೆಯಲ್ಲಿ
ಇಪ್ಪತ್ತು ವರ್ಷ ಸೇಬು ಕಡಿದವರಿದ್ದಾರೆ ಎಂದೆ.
ಅವನು ನಗಲಿಲ್ಲ.

"ಒಂದು ಸಲ," ಎಂದ ಹರಾಜಿನವ,
ಎದುರಿನ ದಂಪತಿಯ ಬೆಲೆಗೆ, ಅಂಗೈಗೆ ಸುರುಳಿಕಾಗದ ಬಡಿದು.
"ಎರಡು ಸಲ."
ಬೆರಿಲ್ ಪರದೆಯ ಹಿಂದೆ ನಿಂತು
ಯಾರನ್ನೂ ನೋಡದೆ ಕಟ್ಟೆ ಒರೆಸುತ್ತಿದ್ದಳು.
ನನ್ನ ಮೊಣಕೈ ಬಿಟ್ಟದ್ದು ಯಾವಾಗಲೋ,
ಧರಣೇಂದ್ರನ ಕೈ ಮೇಲಿತ್ತು.

ದಂಪತಿ ತಲೆಯಾಡಿಸಿ ನಾಯಿ ಎಳೆದುಕೊಂಡು ಹೊರಟರು.
ಬಂದರಿನಲ್ಲಿ ಹಡಗೊಂದು ಕೂಗಿತು. ಕಾಣಲಿಲ್ಲ.
ನಮ್ಮ ಪಾಲಿನ ಸಮುದ್ರ ಇಷ್ಟೇ:
ಒಂದು ಕೂಗು, ತಿರುಪುಗಳಿಗೆಲ್ಲ ತುಕ್ಕು.

ಅಡುಗೆಮನೆಯಲ್ಲಿ ಸಹಿ ಹಾಕುವಾಗ ಮೇಜು ಅಲುಗಿತು.
ಇಬ್ಬರೂ ನೆಲ ನೋಡಿದೆವು.
"ಒಂದು ಕಾಲು ಗಿಡ್ಡ," ಎಂದಳು ಬೆರಿಲ್,
ಮಡಚಿದ ರಟ್ಟನ್ನು ಪಾದದಿಂದ ಒಳದೂಡುತ್ತ.
"ಮದುವೆಯಾದಾಗಿನಿಂದ ಹಾಗೇ. ರಟ್ಟನ್ನೂ ಇಲ್ಲೇ ಬಿಟ್ಟಿರುತ್ತೇನೆ."